ಗಂಟಲು ನೋವು ಹೋಯ್ತು, ಈಗ ಮಗನ ಮುಖ ಊದಿದೆ. ಇಎನ್‌ಟಿ ಡಾಕ್ಟರಾ, ಕಿಡ್ನಿ ಡಾಕ್ಟರಾ?

ಹಾಸನದ ಅಮ್ಮ · ಭಾನುವಾರ, ಬೆಳಿಗ್ಗೆ 9:10

ಎಲ್ಲರಿಗೂ ನಮಸ್ಕಾರ. ನನ್ನ ಮಗನಿಗೆ 8 ವರ್ಷ. ಎರಡು ವಾರದ ಹಿಂದೆ ಗಂಟಲು ನೋವು, ಜ್ವರ ಬಂದಿತ್ತು. ಮೆಡಿಕಲ್‌ನಲ್ಲಿ ಕೇಳಿ ಸಿರಪ್ ತಂದು ಕೊಟ್ಟೆವು. ಮೂರು ದಿನಕ್ಕೆ ಜ್ವರ ಇಳಿಯಿತು, ಸ್ಕೂಲಿಗೂ ಹೋದ. ನಿನ್ನೆ ಬೆಳಿಗ್ಗೆ ಎದ್ದಾಗ ಕಣ್ಣಿನ ಸುತ್ತ ಸ್ವಲ್ಪ ಊತ ಇತ್ತು. ಯಾವುದೋ ಹುಳ ಕಚ್ಚಿರಬೇಕು ಅಂದುಕೊಂಡೆ. ಇವತ್ತು ಇಡೀ ಮುಖ ಊದಿದೆ. ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ಬಂದಿದೆ, ಅದೂ ತುಂಬಾ ಕಮ್ಮಿ. ತಲೆನೋವು ಅಂತಿದ್ದಾನೆ.

ಅತ್ತೆ ಉಷ್ಣ ಆಗಿದೆ, ಎಳನೀರು ಕೊಡು ಅಂತಾರೆ. ಗಂಟಲಿಂದಲೇ ಶುರುವಾಗಿದ್ದು, ಇಎನ್‌ಟಿ ಹತ್ರ ತೋರಿಸೋಣ ಅಂತಾರೆ ನಮ್ಮವರು. ಇವತ್ತು ಭಾನುವಾರ ಬೇರೆ. ನಾಳೆವರೆಗೆ ಕಾಯಬಹುದಾ?

ಡಯಾಲಿಸಿಸ್ ಸಿಸ್ಟರ್, ದಾವಣಗೆರೆ · 9:22

ಕಾಯಬೇಡಿ ಅಮ್ಮಾ. ಈಗಲೇ ಹೊರಡಿ. ಇಎನ್‌ಟಿ ಕ್ಲಿನಿಕ್ ಹುಡುಕುತ್ತಾ ಕೂರಬೇಡಿ, ಮಕ್ಕಳ ಡಾಕ್ಟರ್ ಇರುವ ದೊಡ್ಡ ಆಸ್ಪತ್ರೆಯ ಎಮರ್ಜೆನ್ಸಿಗೆ ಹೋಗಿ. ಜಿಲ್ಲಾಸ್ಪತ್ರೆ ಭಾನುವಾರವೂ ತೆರೆದಿರುತ್ತದೆ. ಅಲ್ಲಿ ಎರಡು ಮಾತು ಹೇಳಿ: "ಎರಡು ವಾರದ ಹಿಂದೆ ಗಂಟಲು ನೋವು ಬಂದಿತ್ತು, ಈಗ ಮುಖ ಊದಿ ಮೂತ್ರ ಕಂದು ಬಣ್ಣ ಆಗಿದೆ." ಬಿಪಿ ನೋಡಿ ಅಂತ ನೀವೇ ಕೇಳಿ. ಮಕ್ಕಳಿಗೆ ಬಿಪಿ ನೋಡುವುದು ಎಷ್ಟೋ ಕಡೆ ಬಿಟ್ಟುಹೋಗುತ್ತದೆ. ತಲೆನೋವು ಇದೆ ಅಂದಿರಲ್ಲ, ಅದಕ್ಕೇ ನನಗೆ ಆತುರ. ಬಿಪಿ ಏರಿದ್ದರೆ ಫಿಟ್ಸ್ ಬರುವ ಅಪಾಯ ಇರುತ್ತದೆ.

ಎಳನೀರು ಬೇಡವೇ ಬೇಡ. ಅದರಲ್ಲಿ ಪೊಟ್ಯಾಸಿಯಂ ಜಾಸ್ತಿ. ಮೂತ್ರ ಕಮ್ಮಿ ಆಗಿರುವಾಗ ಅದು ಹೊರಗೆ ಹೋಗದೆ ರಕ್ತದಲ್ಲೇ ಉಳಿದು ಹೃದಯಕ್ಕೆ ತೊಂದರೆ ಮಾಡುತ್ತದೆ. ಉಪ್ಪಿನ ತಿಂಡಿಯೂ ಕೊಡಬೇಡಿ. ಬಾಕಿ ಮಾತು ಆಮೇಲೆ.

ಹಾಸನದ ಅಮ್ಮ · 9:31

ಹೊರಟೆವು ಸಿಸ್ಟರ್.

ಶಿರಸಿ ತೋಟದಮನೆ · 11:05

ಮಗು ಬೇಗ ಹುಷಾರಾಗಲಿ. ಒಂದು ಅನುಮಾನ ಕೇಳಿಬಿಡುತ್ತೇನೆ. ನನ್ನ ತಮ್ಮನಿಗೂ ಹೀಗೇ ಆಗುತ್ತಿತ್ತು, ಆದರೆ ಅವನಿಗೆ ಎರಡು ವಾರ ಅಲ್ಲ. ಶೀತ, ಗಂಟಲು ಕೆರೆತ ಶುರುವಾದ ಮರುದಿನವೇ ಮೂತ್ರ ಕೆಂಪಾಗುತ್ತಿತ್ತು. ಎರಡು ದಿನಕ್ಕೆ ತಾನೇ ಸರಿಹೋಗುತ್ತಿತ್ತು. ಪಿತ್ತ, ಉಷ್ಣ ಅಂತ ಆರು ವರ್ಷ ಕಳೆದೆವು. 24ನೇ ವಯಸ್ಸಿಗೆ ಕಿಡ್ನಿ ಬಯಾಪ್ಸಿ ಆಯಿತು, ಐಜಿಎ ನೆಫ್ರೋಪತಿ ಅನ್ನೋ ಕಿಡ್ನಿ ಕಾಯಿಲೆ ಅಂದರು. ಎರಡೂ ಒಂದೇನಾ?

ಡಯಾಲಿಸಿಸ್ ಸಿಸ್ಟರ್, ದಾವಣಗೆರೆ · 11:40

ಒಂದೇ ಅಲ್ಲ ಅಣ್ಣಾ, ಎರಡಕ್ಕೂ ಗಂಟಲಿನ ನಂಟಿದೆ ಅಷ್ಟೆ. ಹಾಸನದ ಮಗುವಿನದು ಹೀಗಿರಬಹುದು: ಸ್ಟ್ರೆಪ್ಟೋಕಾಕಸ್ ಅನ್ನೋ ಬ್ಯಾಕ್ಟೀರಿಯಾ ಗಂಟಲಿಗೆ ಬಂದರೆ ದೇಹ ಅದರ ವಿರುದ್ಧ ಹೋರಾಡುತ್ತದೆ. ಆ ಹೋರಾಟದ ಕಸ ಹೋಗಿ ಕಿಡ್ನಿಯ ಜರಡಿಯಲ್ಲಿ ಸಿಕ್ಕಿಕೊಂಡು ಅಲ್ಲಿ ಉರಿಯೂತ ಆಗುತ್ತದೆ. ಇದಕ್ಕೆ ಒಂದರಿಂದ ಮೂರು ವಾರ ಬೇಕು. ಕಜ್ಜಿಯಿಂದಲೂ ಬರುತ್ತದೆ, ಅದಕ್ಕೆ ಇನ್ನೂ ಜಾಸ್ತಿ ಸಮಯ ಹಿಡಿಯುತ್ತದೆ, ಮೂರರಿಂದ ಆರು ವಾರ. ಅಷ್ಟರಲ್ಲಿ ಮನೆಯವರು ಕಜ್ಜಿ ಬಂದಿದ್ದನ್ನೇ ಮರೆತಿರುತ್ತಾರೆ. ಮಕ್ಕಳಲ್ಲಿ ಇದು ಬಹುತೇಕ ಪೂರ್ತಿ ಗುಣವಾಗುತ್ತದೆ.

ನಿಮ್ಮ ತಮ್ಮನದು ಬೇರೆ. ಐಜಿಎಯಲ್ಲಿ ಗಂಟಲು ಕೆಟ್ಟ ಒಂದೆರಡು ದಿನಕ್ಕೇ ಮೂತ್ರದಲ್ಲಿ ರಕ್ತ ಕಾಣುತ್ತದೆ, ತಾನೇ ನಿಲ್ಲುತ್ತದೆ, ಮತ್ತೆ ಬರುತ್ತದೆ. ನಿಂತಿತಲ್ಲ ಅಂತ ಜನ ಬಿಡುತ್ತಾರೆ, ಒಳಗೆ ಹಾನಿ ನಡೆದೇ ಇರುತ್ತದೆ. ಮೂತ್ರದಲ್ಲಿ ರಕ್ತ ಒಂದೇ ಸಲ ಕಂಡರೂ ಪರೀಕ್ಷೆ ಮಾಡಿಸಬೇಕು. ಬೀಟ್‌ರೂಟ್ ತಿಂದಿದ್ದಾ, ಟಿಬಿ ಮಾತ್ರೆಯ ಕಿತ್ತಳೆ ಬಣ್ಣವಾ ಅಂತ ಒಮ್ಮೆ ಯೋಚಿಸಿ. ಎರಡೂ ಅಲ್ಲ ಅಂದರೆ ಲ್ಯಾಬ್‌ಗೆ ಹೋಗಿ.

ಹಾಸನದ ಅಮ್ಮ · ಭಾನುವಾರ, ರಾತ್ರಿ 10:50

ಎಲ್ಲರಿಗೂ ಕೈ ಮುಗಿಯುತ್ತೇನೆ. ಅಡ್ಮಿಟ್ ಮಾಡಿಕೊಂಡಿದ್ದಾರೆ. ಬಿಪಿ 138/92 ಇತ್ತು. ಈ ವಯಸ್ಸಿಗೆ ಇದು ತುಂಬಾ ಜಾಸ್ತಿ ಅಂದರು. ಮೂತ್ರದಲ್ಲಿ ರಕ್ತ, ಪ್ರೋಟೀನ್ ಎರಡೂ ಇದೆ. ರಕ್ತದಲ್ಲಿ ಸಿ3 ಅನ್ನೋ ಒಂದು ಪ್ರೋಟೀನ್ ಕಮ್ಮಿ ಇದೆಯಂತೆ. ಸಿಸ್ಟರ್ ಹೇಳಿದ ಕಾಯಿಲೆಯೇ. ಮೂತ್ರ ಹೋಗುವ ಇಂಜೆಕ್ಷನ್ ಕೊಟ್ಟ ಮೇಲೆ ಊತ ಸ್ವಲ್ಪ ಇಳಿದಿದೆ. ಈಗ ಮಲಗಿದ್ದಾನೆ.

ವಾರ್ಡಿನಲ್ಲಿ ಕೂತು ಯೋಚಿಸುತ್ತಿದ್ದೇನೆ. ನಮ್ಮ ಮನೆಯಲ್ಲಿ ಯಾರಿಗೂ ಯಾವ ಡಾಕ್ಟರ್ ಹತ್ರ ಯಾವಾಗ ಹೋಗಬೇಕು ಅಂತ ಗೊತ್ತಿಲ್ಲ. ಕಿಡ್ನಿ ಡಾಕ್ಟರ್ ಅಂದರೆ ಡಯಾಲಿಸಿಸ್ ಮಾಡುವವರು, ಇಎನ್‌ಟಿ ಅಂದರೆ ಕಿವಿ ಕ್ಲೀನ್ ಮಾಡುವವರು, ನನಗೆ ಗೊತ್ತಿದ್ದುದು ಇಷ್ಟೇ. ಗೊತ್ತಿರುವವರು ಬರೆಯಿರಿ. ಇಲ್ಲಿ ನಿದ್ದೆ ಬರುತ್ತಿಲ್ಲ, ಓದುತ್ತೇನೆ.

ವಾರಕ್ಕೆ ಮೂರು ಸಲ · ಸೋಮವಾರ, ಬೆಳಗಿನ ಜಾವ 4:30

ನನಗೆ 47. ನಾಲ್ಕು ವರ್ಷದಿಂದ ಡಯಾಲಿಸಿಸ್‌ನಲ್ಲಿದ್ದೇನೆ. ವಾರಕ್ಕೆ ಮೂರು ಸಲ, ಒಂದೊಂದು ಸಲ ನಾಲ್ಕು ಗಂಟೆ. ಇವತ್ತು ನನ್ನ ಪಾಳಿ 6 ಗಂಟೆಗೆ, ಅದಕ್ಕೇ ಎದ್ದಿದ್ದೇನೆ. ನನ್ನ ಕಥೆ ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಓದಿ.

36ನೇ ವಯಸ್ಸಿಗೆ ಬಿಪಿ ಬಂತು. ಮಾತ್ರೆ ಆರು ತಿಂಗಳು ತಿಂದೆ, ತಲೆಸುತ್ತು ನಿಂತಿತು, ಮಾತ್ರೆ ಬಿಟ್ಟೆ. ಕಂಪನಿಯ ಚೆಕಪ್‌ನಲ್ಲಿ ಒಂದು ಸಲ "ಯೂರಿನ್ ಆಲ್ಬುಮಿನ್ ಪ್ಲಸ್ ಪ್ಲಸ್" ಅಂತ ಬರೆದಿತ್ತು, ಅಂದರೆ ಮೂತ್ರದಲ್ಲಿ ಪ್ರೋಟೀನ್ ಸೋರುತ್ತಿದೆ ಅಂತ. ಯಾರೂ ಏನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಮೂತ್ರದಲ್ಲಿ ಸೋಪಿನ ನೊರೆಯ ಹಾಗೆ ನೊರೆ ಬರುತ್ತಿತ್ತು. ರಾತ್ರಿ ಎರಡು ಮೂರು ಸಲ ಏಳುತ್ತಿದ್ದೆ. ಎಲ್ಲೂ ನೋವಿಲ್ಲ. ನೋವಿಲ್ಲದ್ದಕ್ಕೆ ಡಾಕ್ಟರ್ ಯಾಕೆ ಅಂತ ಸುಮ್ಮನಿದ್ದೆ. 43ಕ್ಕೆ ಒಂದು ರಾತ್ರಿ ಉಸಿರು ಸಿಗದೆ ಆಸ್ಪತ್ರೆಗೆ ಹೊತ್ತುಕೊಂಡು ಹೋದರು. ಕಿಡ್ನಿ ಸೋಸಬೇಕಾದ ಕಸ, ಕ್ರಿಯಾಟಿನಿನ್, ರಕ್ತದಲ್ಲಿ 11 ತಲುಪಿತ್ತು. ಅವತ್ತೇ ಕುತ್ತಿಗೆಗೆ ಪೈಪ್ ಹಾಕಿ ಡಯಾಲಿಸಿಸ್.

ನನ್ನ ಪಕ್ಕದ ಬೆಡ್‌ಗೆ ಬರುವ ಅಣ್ಣನದೂ ಇದೇ ಕಾಯಿಲೆ. ಅವರು ಐದು ವರ್ಷ ಮೊದಲೇ ನೆಫ್ರಾಲಜಿಸ್ಟ್, ಅಂದರೆ ಕಿಡ್ನಿ ಡಾಕ್ಟರ್ ಹತ್ರ ಹೋಗಿದ್ದರು. ಬಿಪಿ ಹಿಡಿತದಲ್ಲಿಟ್ಟು ಐದು ವರ್ಷ ಡಯಾಲಿಸಿಸ್ ಇಲ್ಲದೆ ಕಳೆದರು. ಬೇಕಾಗುತ್ತದೆ ಅಂತ ಗೊತ್ತಾದಾಗ ಮೊದಲೇ ಕೈಯಲ್ಲಿ ಫಿಸ್ಟುಲಾ ಮಾಡಿಸಿಕೊಂಡರು. ಫಿಸ್ಟುಲಾ ಅಂದರೆ ಕೈಯ ರಕ್ತನಾಳಗಳನ್ನು ಜೋಡಿಸುವ ಸಣ್ಣ ಆಪರೇಷನ್. ಅದು ಗಟ್ಟಿಯಾಗಲು ವಾರಗಟ್ಟಲೆ ಬೇಕು, ಕೆಲವರಿಗೆ ತಿಂಗಳುಗಳೇ ಬೇಕು. ಹೆಪಟೈಟಿಸ್ ಬಿ ಲಸಿಕೆಯನ್ನೂ ಮೊದಲೇ ಹಾಕಿಸಿಕೊಂಡಿದ್ದರು. ಅವರಿಗೆ ಕುತ್ತಿಗೆ ಪೈಪ್, ಅದರ ಇನ್‌ಫೆಕ್ಷನ್, ಐಸಿಯು ಯಾವುದೂ ಆಗಲಿಲ್ಲ. ನನಗೆ ಎಲ್ಲಾ ಆಯಿತು.

ಕಿಡ್ನಿ ಡಾಕ್ಟರ್ ಅಂದರೆ ಡಯಾಲಿಸಿಸ್ ಮಾಡುವವರು ಅಂದಿರಲ್ಲ ಅಮ್ಮಾ. ಅವರ ದೊಡ್ಡ ಕೆಲಸ ಡಯಾಲಿಸಿಸ್ ಬಾರದ ಹಾಗೆ ನೋಡಿಕೊಳ್ಳುವುದು. ನಾನು ಅವರನ್ನು ಮೊದಲು ನೋಡಿದ್ದು ಐಸಿಯುನಲ್ಲಿ. ಬೇರೆ ಯಾರಿಗೂ ಹಾಗಾಗಬಾರದು.

ತುಮಕೂರು ಮೇಷ್ಟ್ರು · ಸೋಮವಾರ, 8:15

ಓದಿ ಕಣ್ಣು ತುಂಬಿತು ಸರ್. ನಮ್ಮ ತಾಯಿಗೆ 62 ವರ್ಷ, 12 ವರ್ಷದಿಂದ ಶುಗರ್ ಇದೆ. ಹೋದ ತಿಂಗಳ ರಿಪೋರ್ಟ್‌ನಲ್ಲಿ ಕ್ರಿಯಾಟಿನಿನ್ 1.3. ಲ್ಯಾಬ್‌ನವರು ಪಕ್ಕದಲ್ಲಿ 1.4ರವರೆಗೆ ನಾರ್ಮಲ್ ಅಂತ ಹಾಕಿದ್ದಾರೆ. ಹಾಗಾದರೆ ಚಿಂತೆ ಇಲ್ಲ ಅಲ್ವಾ?

ಡಯಾಲಿಸಿಸ್ ಸಿಸ್ಟರ್, ದಾವಣಗೆರೆ · ಸೋಮವಾರ, 9:50

ಮೇಷ್ಟ್ರೇ, ಇಲ್ಲಿಯೇ ಜನ ಮೋಸ ಹೋಗುವುದು. ಕ್ರಿಯಾಟಿನಿನ್ ಅನ್ನುವುದು ಸ್ನಾಯುವಿನಿಂದ ಬರುವ ಕಸ. ಮೈಕಟ್ಟು ಇರುವ ಗಂಡಸರಿಗೆ ಅದು ಸ್ವಲ್ಪ ಜಾಸ್ತಿಯೇ ಇರುತ್ತದೆ, ಸಣಕಲು ವಯಸ್ಸಾದ ಹೆಂಗಸರಿಗೆ ಕಮ್ಮಿ. ಅದಕ್ಕೇ ವಯಸ್ಸು, ಗಂಡು ಹೆಣ್ಣು ಲೆಕ್ಕ ಹಾಕಿ ಇಜಿಎಫ್‌ಆರ್ ಅಂತ ತೆಗೆಯುತ್ತಾರೆ. ಕಿಡ್ನಿ ಒಂದು ನಿಮಿಷಕ್ಕೆ ಎಷ್ಟು ಮಿಲಿ ಸೋಸುತ್ತದೆ ಅನ್ನುವ ಅಂದಾಜು ಅದು. ಅದೇ 1.3 ಇದ್ದರೆ 30 ವರ್ಷದ ಹುಡುಗನಿಗೆ ಇಜಿಎಫ್‌ಆರ್ 75ರ ಹತ್ತಿರ ಬರುತ್ತದೆ. ನಿಮ್ಮ ತಾಯಿಗೆ 46ರ ಆಸುಪಾಸು. ಚೀಟಿಯಲ್ಲಿ ನಂಬರ್ ಒಂದೇ, ಒಳಗಿನ ಕಥೆ ಬೇರೆ ಬೇರೆ.

ಇಜಿಎಫ್‌ಆರ್ 60ಕ್ಕಿಂತ ಕಮ್ಮಿ ಮೂರು ತಿಂಗಳು ಉಳಿದರೆ ಅದನ್ನು ದೀರ್ಘಕಾಲದ ಕಿಡ್ನಿ ಕಾಯಿಲೆ ಅನ್ನುತ್ತಾರೆ. ಮೊದಲು ಟೆಸ್ಟ್ ಇನ್ನೊಮ್ಮೆ ಮಾಡಿಸಿ. ಜೊತೆಗೆ ಮೂತ್ರದ ಆಲ್ಬುಮಿನ್-ಕ್ರಿಯಾಟಿನಿನ್ ರೇಷಿಯೋ ಮಾಡಿಸಿ, ಲ್ಯಾಬ್‌ನವರು ಎಸಿಆರ್ ಅನ್ನುತ್ತಾರೆ. 30ರ ಒಳಗಿದ್ದರೆ ಸರಿ. 300 ದಾಟಿದರೆ ನೆಫ್ರಾಲಜಿಸ್ಟ್ ನೋಡಲೇಬೇಕು. ಇಜಿಎಫ್‌ಆರ್ 30ಕ್ಕಿಂತ ಕೆಳಗೆ ಇಳಿದರೂ ಹಾಗೆಯೇ. ವರ್ಷಕ್ಕೆ 5ಕ್ಕಿಂತ ಜಾಸ್ತಿ ಇಳಿಯುತ್ತಾ ಬಂದರೆ 30 ಆಗುವವರೆಗೂ ಕಾಯಬೇಡಿ. ಮೂರು ನಾಲ್ಕು ಥರದ ಬಿಪಿ ಮಾತ್ರೆ ತಿಂದರೂ ಬಿಪಿ ಇಳಿಯದವರು, ಮನೆಯಲ್ಲಿ ತಂದೆ ತಾಯಿಗೆ ಕಿಡ್ನಿಯಲ್ಲಿ ನೀರುಗುಳ್ಳೆ ಇದ್ದವರು, ಇವರೂ ಹೋಗಬೇಕು.

ಶುಗರ್ ಇರುವ ಎಲ್ಲರಿಗೂ ಈ ಎರಡು ಟೆಸ್ಟ್ ವರ್ಷಕ್ಕೊಮ್ಮೆ ಬೇಕು. ದೊಡ್ಡವರಿಗೆ ಬರುವ ಸಾಮಾನ್ಯ ಶುಗರ್ (ಟೈಪ್ 2) ಆದರೆ ಪತ್ತೆಯಾದ ವರ್ಷದಿಂದಲೇ. ನಾಲ್ಕು ವರ್ಷದ ಚೀಟಿಗಳನ್ನು ಒಂದೇ ಫೈಲ್‌ನಲ್ಲಿ ದಿನಾಂಕದ ಪ್ರಕಾರ ಇಟ್ಟುಕೊಂಡು ಹೋಗಿ. ಡಾಕ್ಟರಿಗೆ ಒಂದು ಚೀಟಿಗಿಂತ ಆ ಸಾಲು ಮುಖ್ಯ.

ಇನ್ನೊಂದು ಮಾತು. ತಾಯಿ ಮಂಡಿನೋವಿಗೆ ಏನು ತಿನ್ನುತ್ತಾರೆ ಅಂತ ಕೇಳಿ ನೋಡಿ.

ತುಮಕೂರು ಮೇಷ್ಟ್ರು · ಸೋಮವಾರ, 1:20

ಕೇಳಿದೆ ಸಿಸ್ಟರ್. ದಿಂಬಿನ ಕೆಳಗೆ ಡೈಕ್ಲೋಫೆನಾಕ್ ಶೀಟ್ ಇತ್ತು. ದಿನಕ್ಕೊಂದು, ಎರಡು ವರ್ಷದಿಂದ. ಪಕ್ಕದ ಮನೆಯವರು ತಂದುಕೊಡುತ್ತಿದ್ದರಂತೆ. ನನಗೆ ಗೊತ್ತೇ ಇರಲಿಲ್ಲ.

ಡಯಾಲಿಸಿಸ್ ಸಿಸ್ಟರ್, ದಾವಣಗೆರೆ · ಸೋಮವಾರ, 2:05

ತಾಯಿಯನ್ನು ಬೈಯಬೇಡಿ. ನೋವು ನಿಜವಾದದ್ದು. ಡೈಕ್ಲೋಫೆನಾಕ್, ಅಸೆಕ್ಲೋಫೆನಾಕ್, ಐಬುಪ್ರೊಫೆನ್ ಈ ಗುಂಪಿನ ಮಾತ್ರೆ ಕಿಡ್ನಿಗೆ ಹೋಗುವ ರಕ್ತವನ್ನು ಕಮ್ಮಿ ಮಾಡುತ್ತದೆ. ಪ್ಯಾರಸಿಟಮಾಲ್ ಬೇರೆ ಗುಂಪು, ಅಳತೆಯಲ್ಲಿ ತಿಂದರೆ ಕಿಡ್ನಿಗೆ ಅಷ್ಟು ಭಯವಿಲ್ಲ. ಮಂಡಿಗೆ ಏನು ಕೊಡಬಹುದು ಅಂತ ಡಾಕ್ಟರನ್ನೇ ಕೇಳಿ. ಬಿಪಿಗೆ ಟೆಲ್ಮಿಸಾರ್ಟಾನ್, ರಾಮಿಪ್ರಿಲ್ ಥರದ್ದು ಬರೆದುಕೊಟ್ಟಿದ್ದರೆ ಕಿಡ್ನಿ ಭಯಕ್ಕೆ ಅದನ್ನು ನೀವಾಗಿ ನಿಲ್ಲಿಸಬೇಡಿ. ಅವು ಕಿಡ್ನಿಯನ್ನು ಕಾಪಾಡುವ ಮಾತ್ರೆಗಳು.

ಕರಾವಳಿ ಅಕ್ಕ · ಸೋಮವಾರ, 4:40

ನಮ್ಮ ಕಡೆಯ ಒಂದು ಎಚ್ಚರಿಕೆ ಸೇರಿಸುತ್ತೇನೆ. ಬಿಂಬುಳಿ ಅನ್ನೋ ಹುಳಿಕಾಯಿಯ ರಸ ಕುಡಿದರೆ ಕೊಲೆಸ್ಟ್ರಾಲ್ ಇಳಿಯುತ್ತದೆ ಅಂತ ಹೇಳುವವರಿದ್ದಾರೆ. ಪಕ್ಕದ ಕೇರಳದಲ್ಲಿ ಹೀಗೆ ರಸ ಹಿಂಡಿ ಕುಡಿದು ಕಿಡ್ನಿ ಕೆಟ್ಟವರ ಪ್ರಕರಣಗಳನ್ನು ಡಾಕ್ಟರುಗಳು ದಾಖಲಿಸಿದ್ದಾರೆ. ಅದರಲ್ಲಿರುವ ಆಕ್ಸಲೇಟ್ ಕಿಡ್ನಿಯಲ್ಲಿ ಹರಳುಗಟ್ಟುತ್ತದೆ. ಮೀನು ಸಾರಿಗೆ ನಾಲ್ಕು ಬಿಂಬುಳಿ ಹಾಕುವುದು ಬೇರೆ, ಖಾಲಿ ಹೊಟ್ಟೆಗೆ ಲೋಟಗಟ್ಟಲೆ ಕುಡಿಯುವುದು ಬೇರೆ. ಧಾರೆಹುಳಿ (ಸ್ಟಾರ್ ಫ್ರೂಟ್) ಕೂಡ ಹಾಗೇ. ಕಿಡ್ನಿ ಕಾಯಿಲೆ ಇರುವವರು ಅದನ್ನು ಮುಟ್ಟಲೇಬಾರದು. ಬಿಕ್ಕಳಿಕೆ ಶುರುವಾಗಿ ಪ್ರಜ್ಞೆ ತಪ್ಪುವವರೆಗೂ ಹೋಗಬಹುದು.

ಮಳೆಗಾಲದಲ್ಲಿ ಗದ್ದೆ, ತೋಟದ ನೀರಿನಲ್ಲಿ ಕೆಲಸ ಮಾಡಿದವರಿಗೆ ಜ್ವರ, ಮೈಕೈ ನೋವು, ಕಣ್ಣು ಕೆಂಪು, ಮೂತ್ರ ಕಮ್ಮಿ ಅಂದರೆ ಇಲಿ ಜ್ವರ ಇರಬಹುದು. ಕೆಲವೇ ದಿನದಲ್ಲಿ ಕಿಡ್ನಿ ನಿಲ್ಲಿಸಿಬಿಡಬಹುದು. ಬೇಗ ಹೋದರೆ ಸಾಮಾನ್ಯ ಆಂಟಿಬಯೋಟಿಕ್‌ಗೇ ಬಗ್ಗುತ್ತದೆ.

ರಾಯಚೂರು ರೈತ · ಸೋಮವಾರ, 8:30

ನಮ್ಮ ಕಡೆ ಕಿಡ್ನಿ ಕಲ್ಲಿನದೇ ಕಾಟ ರೀ. ಬಿಸಿಲು ಹಂಗದ. ಹೊಲದಾಗ ಮಧ್ಯಾಹ್ನದ ತನಕ ನೀರು ಕುಡಿಯದೆ ದುಡಿಯುತ್ತೇವೆ. ನನಗೆ ಮೂರು ಸಲ ಕಲ್ಲಾಗಿದೆ. ಬಾಳೆದಿಂಡಿನ ರಸ ಕುಡಿದೆ, ಎರಡು ಸಲ ಬಿತ್ತು. ಮೂರನೇ ಸಲ ನೋವು ನಿಂತಿತು, ಬಿದ್ದಿರಬೇಕು ಅಂದುಕೊಂಡು ಸ್ಕ್ಯಾನ್ ಮಾಡಿಸಲಿಲ್ಲ. ಎಂಟು ತಿಂಗಳಾದ ಮೇಲೆ ಬೇರೆ ಕಾರಣಕ್ಕೆ ಸ್ಕ್ಯಾನ್ ಮಾಡಿದಾಗ ಕಲ್ಲು ಮೂತ್ರನಳಿಗೆಯಲ್ಲೇ ಸಿಕ್ಕಿ ಕೂತಿತ್ತು. ಆ ಕಡೆ ಕಿಡ್ನಿ ಊದಿ, ಕೆಲಸ ಬಹಳ ಕಮ್ಮಿ ಆಗಿತ್ತು. ನೋವು ನಿಂತರೆ ಕಲ್ಲು ಹೋಯಿತು ಅಂತ ಅಲ್ಲ ರೀ. ಸ್ಕ್ಯಾನ್ ಮಾಡಿಸ್ರಿ.

ಇನ್ನೊಂದು ಕೇಳಬೇಕು. ಕಲ್ಲಿಗೆ ನೆಫ್ರಾಲಜಿ ಡಾಕ್ಟರ್ ಹತ್ರ ಹೋಗಿ ದಿನವಿಡೀ ಕಾದಿದ್ದೆ, ಅವರು ಯುರಾಲಜಿಗೆ ಹೋಗು ಅಂದರು. ವ್ಯತ್ಯಾಸ ಏನು?

ಡಯಾಲಿಸಿಸ್ ಸಿಸ್ಟರ್, ದಾವಣಗೆರೆ · ಸೋಮವಾರ, 9:15

ಅಣ್ಣಾ, ಸೋಸುವ ಕೆಲಸ ಕೆಟ್ಟರೆ ನೆಫ್ರಾಲಜಿ. ಮೂತ್ರ ಹರಿಯುವ ದಾರಿ ಕಟ್ಟಿದರೆ ಯುರಾಲಜಿ. ಕಲ್ಲು, ಪ್ರಾಸ್ಟೇಟ್, ಗಡ್ಡೆ ಎಲ್ಲಾ ಯುರಾಲಜಿ, ಅವರು ಆಪರೇಷನ್ ಮಾಡುವವರು. ಪ್ರೋಟೀನ್ ಸೋರುವುದು, ಇಜಿಎಫ್‌ಆರ್ ಇಳಿಯುವುದು, ಊತ, ಡಯಾಲಿಸಿಸ್ ನೆಫ್ರಾಲಜಿ. ಮೇಲಿಂದ ಮೇಲೆ ಕಲ್ಲಾಗುವವರಿಗೆ ಮಾತ್ರ ಎರಡೂ ಬೇಕಾಗುತ್ತದೆ. ಕಲ್ಲು ತೆಗೆಯುವವರು ಒಬ್ಬರು, ಯಾಕೆ ಆಗುತ್ತಿದೆ ಅಂತ ಹುಡುಕುವವರು ಇನ್ನೊಬ್ಬರು.

5 ಮಿಲಿಮೀಟರ್‌ಗಿಂತ ಸಣ್ಣ ಕಲ್ಲು ಬಹುಪಾಲು ತಾನೇ ಬೀಳುತ್ತದೆ. ನಿಮ್ಮ ಬಾಳೆದಿಂಡಿಗೆ ಸಿಕ್ಕ ಹೆಸರು ಅಲ್ಲಿಂದಲೇ ಬಂದಿರಬಹುದು. ಆದರೆ ಕಲ್ಲಿನ ನೋವಿನ ಜೊತೆ ಚಳಿಜ್ವರ ಬಂದರೆ ಆ ರಾತ್ರಿಯೇ ಆಸ್ಪತ್ರೆಗೆ ಹೋಗಬೇಕು. ಕಟ್ಟಿದ ಮೂತ್ರಕ್ಕೆ ಸೋಂಕು ತಗುಲಿದರೆ ಬೆಳಗಾಗುವಷ್ಟರಲ್ಲಿ ರಕ್ತಕ್ಕೆ ಹರಡುತ್ತದೆ. ಮೂತ್ರ ಪೂರ್ತಿ ನಿಂತರೂ ಅಷ್ಟೇ ಆತುರ. ನಿಮ್ಮ ಹಾಗೆ ಒಂದೇ ಕಿಡ್ನಿ ಸರಿಯಾಗಿ ಕೆಲಸ ಮಾಡುವವರು ಸಣ್ಣ ಕಲ್ಲನ್ನೂ ಲಘುವಾಗಿ ತೆಗೆದುಕೊಳ್ಳಬಾರದು. ಹೊಲಕ್ಕೆ ಹೋಗುವಾಗ ನೀರಿನ ಕ್ಯಾನ್ ಒಯ್ಯಿರಿ, ನಿಂಬೆಹಣ್ಣು ಹಿಂಡಿಕೊಳ್ಳಿ. ದಿನಕ್ಕೆ ಎರಡು ಎರಡೂವರೆ ಲೀಟರ್ ಮೂತ್ರ ಹೋಗುವಷ್ಟು ಕುಡಿಯಬೇಕು. ಉಪ್ಪು ಕಮ್ಮಿ ಮಾಡಿ. ಹಾಲು ಮೊಸರು ಬಿಡಬೇಕಾಗಿಲ್ಲ.

ಕಿವಿಮಾತು, ಮೈಸೂರು · ಮಂಗಳವಾರ, 7:00

ಕಿಡ್ನಿ ಬಗ್ಗೆ ಸಿಸ್ಟರ್ ಚೆನ್ನಾಗಿ ಹೇಳಿದ್ದಾರೆ. ಕಿವಿ, ಮೂಗು, ಗಂಟಲಿನ ಪಾಲು ನಾನು ಹೇಳುತ್ತೇನೆ. ನಾನು ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲಿ ಓದಿ ಈಗ ಆಡಿಯಾಲಜಿಸ್ಟ್, ಅಂದರೆ ಕಿವಿ ಎಷ್ಟು ಕೇಳುತ್ತದೆ ಅಂತ ಪರೀಕ್ಷಿಸುವವಳಾಗಿ ಕೆಲಸ ಮಾಡುತ್ತಿದ್ದೇನೆ. ಮಾನಸಗಂಗೋತ್ರಿಯಲ್ಲಿರುವ ಆ ಸಂಸ್ಥೆ 1965ರಿಂದ ಇದೆ. ಕಿವಿ ಕೇಳದ, ಮಾತು ಬಾರದ ಮಕ್ಕಳನ್ನು ಕರೆದುಕೊಂಡು ಎಲ್ಲೆಲ್ಲಿಂದಲೋ ಬರುತ್ತಾರೆ.

ನನಗೆ ತುಂಬಾ ಸಂಕಟ ಆಗುವುದು ತಡವಾಗಿ ಬರುವ ಮಕ್ಕಳನ್ನು ನೋಡಿದಾಗ. "ಅವರಪ್ಪನೂ ಲೇಟಾಗೇ ಮಾತಾಡಿದ್ದು" ಅಂತ ಅಜ್ಜಿಯರು ಹೇಳುತ್ತಾರೆ, ಮಗುವಿಗೆ ಮೂರು ವರ್ಷ ಆಗಿರುತ್ತದೆ. ಹುಟ್ಟಿದ ಒಂದು ತಿಂಗಳೊಳಗೆ ಕಿವಿ ಪರೀಕ್ಷೆ, ಮೂರು ತಿಂಗಳೊಳಗೆ ಖಚಿತ ಮಾಡಿಕೊಳ್ಳುವುದು, ಆರು ತಿಂಗಳೊಳಗೆ ಕಿವಿ ಮಿಷನ್ ಅಥವಾ ಬೇರೆ ನೆರವು. ಈ ಲೆಕ್ಕ ಸುಮ್ನೆ ಮಾಡಿದ್ದಲ್ಲ. ಮಾತು ಕಲಿಯುವ ಮಿದುಳಿನ ಕಾಲ ಅದು, ಮತ್ತೆ ಬರುವುದಿಲ್ಲ. ತಟ್ಟೆ ಬಡಿದರೆ ತಿರುಗುತ್ತಾನಲ್ಲ ಅಂತ ನೆಮ್ಮದಿಯಾಗಿರಬೇಡಿ. ತಟ್ಟೆ ಸದ್ದು ಕೇಳಿ "ಸ" "ಶ" ಕೇಳದ ಮಕ್ಕಳು ಎಷ್ಟೋ.

ಕಿವಿ ಸೋರುವುದನ್ನು ನಮ್ಮಲ್ಲಿ ಕಾಯಿಲೆ ಅಂತಲೇ ಲೆಕ್ಕಕ್ಕೆ ಇಡುವುದಿಲ್ಲ. ಕೆಟ್ಟ ವಾಸನೆಯ ಕೀವು ಬಂದರೆ ಇಎನ್‌ಟಿ ಹತ್ರ ಹೋಗಲೇಬೇಕು. ಒಳಗೆ ಮೂಳೆ ತಿನ್ನುತ್ತಾ ಹೋಗುವ ಒಂದು ಬೆಳವಣಿಗೆ ಇರಬಹುದು. ಅದು ಮುಖದ ನರಕ್ಕೆ, ಮಿದುಳಿಗೆ ತಲುಪಬಹುದು. ಬೆಳ್ಳುಳ್ಳಿ ಕಾಯಿಸಿದ ಎಣ್ಣೆ ಹಾಕಬೇಡಿ. ಕಿವಿ ತಮಟೆ ತೂತಾಗಿದ್ದರೆ ಎಣ್ಣೆ ನೇರ ಒಳಗೆ ಇಳಿಯುತ್ತದೆ. ಹೇರ್‌ಪಿನ್, ಬೆಂಕಿಕಡ್ಡಿ, ಬೈಕ್ ಕೀ ಯಾವುದೂ ಬೇಡ. ಗುಗ್ಗೆ ತಾನೇ ಹೊರಗೆ ಬರುತ್ತದೆ, ಬಾರದಿದ್ದರೆ ಡಾಕ್ಟರ್ ತೆಗೆಯುತ್ತಾರೆ.

ಮಕ್ಕಳು ಮೂಗಿಗೆ ಕಡಲೆಕಾಳು ಹಾಕಿಕೊಂಡರೆ ಸ್ವಲ್ಪ ಸಮಯ ಇರುತ್ತದೆ. ಆದರೆ ಆಟಿಕೆಯ ಬಟನ್ ಬ್ಯಾಟರಿ ಹಾಕಿಕೊಂಡರೆ ಒಂದು ನಿಮಿಷವೂ ಕಾಯಬೇಡಿ. ಕೆಲವೇ ಗಂಟೆಯಲ್ಲಿ ಒಳಗೆ ಸುಟ್ಟು ತೂತು ಮಾಡುತ್ತದೆ. ಒಂದೇ ಹೊಳ್ಳೆಯಿಂದ ದಿನಗಟ್ಟಲೆ ವಾಸನೆಯ ಸಿಂಬಳ ಬರುತ್ತಿದ್ದರೆ ಒಳಗೆ ಏನೋ ಇದೆ ಅಂತಲೇ ತಿಳಿಯಿರಿ. ಮೂಗಿನಿಂದ ರಕ್ತ ಬಂದರೆ ತಲೆ ಹಿಂದಕ್ಕೆ ಬಾಗಿಸಬಾರದು. ಮುಂದಕ್ಕೆ ಬಾಗಿ, ಮೂಗಿನ ಮೆತ್ತನೆಯ ಭಾಗವನ್ನು 10-15 ನಿಮಿಷ ಬಿಡದೆ ಒತ್ತಿ ಹಿಡಿಯಬೇಕು. ಆಮೇಲೂ ನಿಲ್ಲದಿದ್ದರೆ ಎಮರ್ಜೆನ್ಸಿ.

ರಾತ್ರಿ ಪಾಳಿ, ಬೆಂಗಳೂರು · ಮಂಗಳವಾರ, 10:20

ಮೇಡಂ, ನನಗೆ ಆದದ್ದು ಹೇಳಲೇಬೇಕು. ವಯಸ್ಸು 34. ಹೋದ ವರ್ಷ ಒಂದು ದಿನ ಎದ್ದಾಗ ಎಡಗಿವಿ ಮುಚ್ಚಿದ ಹಾಗಿತ್ತು, ಗುಂಯ್ ಅಂತ ಸದ್ದು. ಒಂದು ಕ್ಲಿನಿಕ್‌ನಲ್ಲಿ ಗುಗ್ಗೆ ಅಂದು ಡ್ರಾಪ್ಸ್ ಕೊಟ್ಟರು. ಆರು ದಿನ ಹಾಕಿದೆ. ಆಮೇಲೆ ಇಎನ್‌ಟಿ ಹತ್ರ ಹೋದರೆ ಕಿವಿ ಒಳಗೆ ಗುಗ್ಗೆಯೇ ಇರಲಿಲ್ಲ. ನರದ ಕಡೆಯ ಕಿವುಡು, ದಿಢೀರ್ ಅಂತ ಬಂದದ್ದು ಅಂದರು. ಸ್ಟೀರಾಯ್ಡ್ ಕೊಟ್ಟರು. ಅರ್ಧದಷ್ಟು ಮರಳಿ ಬಂತು. ಉಳಿದದ್ದು ಬರಲಿಲ್ಲ. ಈಗ ಎಡಗಡೆ ಯಾರಾದರೂ ಕರೆದರೆ ಗೊತ್ತಾಗುವುದಿಲ್ಲ. ಮಗಳು ಬಲಗಡೆಗೇ ಬಂದು ನಿಂತು ಮಾತಾಡುತ್ತಾಳೆ.

ಕಿವಿಮಾತು, ಮೈಸೂರು · ಮಂಗಳವಾರ, 11:00

ಸರ್, ನಿಮ್ಮ ಮಗಳ ಆ ಮಾತು ಓದಿ ಮನಸ್ಸು ಭಾರವಾಯಿತು. ಎಲ್ಲರೂ ಇದನ್ನು ನೆನಪಿಟ್ಟುಕೊಳ್ಳಿ. ಒಂದು ಕಿವಿ ಇದ್ದಕ್ಕಿದ್ದಂತೆ ಕೇಳದೆ ಹೋದರೆ ಅದು ಎಮರ್ಜೆನ್ಸಿ. ಮೊದಲ ಮೂರು ದಿನದೊಳಗೆ ಹೋದರೆ ಒಳ್ಳೆಯದು, ಎರಡು ವಾರದವರೆಗೂ ಚಿಕಿತ್ಸೆಗೆ ಅವಕಾಶ ಇದೆ. ಆಮೇಲೆ ಕಷ್ಟ.

ಮನೆಯಲ್ಲೇ ಒಂದು ಸುಳಿವು ಸಿಗುತ್ತದೆ. ಬಾಯಿ ಮುಚ್ಚಿ "ಮ್..." ಅಂತ ಗುನುಗಿ. ಗುಗ್ಗೆ, ಶೀತದಿಂದ ಮುಚ್ಚಿದ್ದರೆ ಸದ್ದು ಮುಚ್ಚಿದ ಕಿವಿಯ ಕಡೆಗೇ ಜೋರಾಗಿ ಕೇಳುತ್ತದೆ. ನರದ ತೊಂದರೆ ಇದ್ದರೆ ಚೆನ್ನಾಗಿರುವ ಕಿವಿಯ ಕಡೆ ಕೇಳುತ್ತದೆ. ಇದನ್ನೇ ನಂಬಿ ಕೂರಬೇಡಿ, ಕಿವಿ ಎಷ್ಟು ಕೇಳುತ್ತದೆ ಅಂತ ಅಳೆಯುವ ಆಡಿಯೋಗ್ರಾಂ ಆಗಲೇಬೇಕು. ಆದರೆ ಚೆನ್ನಾಗಿರುವ ಕಡೆ ಕೇಳಿದರೆ ಡ್ರಾಪ್ಸ್ ಹಾಕುತ್ತಾ ದಿನ ಕಳೆಯಬೇಡಿ.

ಮಂಡ್ಯದ ಮಗಳು · ಮಂಗಳವಾರ, 9:40 ರಾತ್ರಿ

ನಮ್ಮ ಅಪ್ಪಂಗೆ 58. ಎರಡು ತಿಂಗಳಿಂದ ಧ್ವನಿ ಗೊಗ್ಗರಾಗಿದೆ. ಬೀಡಿ ಸೇದುತ್ತಾರೆ, ಎಲೆ ಅಡಿಕೆ ಜೊತೆ ಕಡ್ಡಿಪುಡಿ ಹಾಕುತ್ತಾರೆ. ನೋವಿಲ್ಲ, ಊಟ ಸರಿ ಹೋಗುತ್ತಿದೆ. ಕಬ್ಬು ಕಟಾವಿನ ಧೂಳಿಗೆ ಹೀಗಾಗಿದೆ ಅಂತಾರೆ. ಶುಂಠಿ ಕಷಾಯ ಕೊಡುತ್ತಿದ್ದೇವೆ.

ಕಿವಿಮಾತು, ಮೈಸೂರು · ಮಂಗಳವಾರ, 10:05 ರಾತ್ರಿ

ತಂಗೀ, ಈ ವಾರವೇ ಇಎನ್‌ಟಿ ಹತ್ರ ಕರೆದುಕೊಂಡು ಹೋಗು. ತಂಬಾಕು ಬಳಸುವವರಿಗೆ ಧ್ವನಿ ಮೂರು ವಾರದ ಮೇಲೂ ಸರಿಯಾಗದಿದ್ದರೆ ಸಣ್ಣ ಕ್ಯಾಮೆರಾ ಹಾಕಿ ಧ್ವನಿತಂತು ನೋಡಲೇಬೇಕು. ಐದು ನಿಮಿಷದ ಕೆಲಸ. ಬಾಯಿಯಲ್ಲಿ ಮೂರು ವಾರ ದಾಟಿದ ಹುಣ್ಣು, ಕುತ್ತಿಗೆಯಲ್ಲಿ ಕರಗದ ಗಂಟು, ನುಂಗಲು ಕಷ್ಟ, ಒಂದೇ ಕಡೆ ಕಿವಿನೋವು, ಇವೂ ಅದೇ ಲೆಕ್ಕ. ಅಪ್ಪನಿಗೆ ಮೂರು ಬೆರಳು ಒಂದರ ಮೇಲೊಂದು ಜೋಡಿಸಿ ಬಾಯೊಳಗೆ ಹಿಡಿಯಲು ಆಗುತ್ತದಾ ನೋಡು. ಆಗದಿದ್ದರೆ ಅಡಿಕೆಯಿಂದ ಬಾಯಿ ಬಿಗಿಯುತ್ತಾ ಬಂದಿದೆ ಅಂತ, ಅದನ್ನೂ ಡಾಕ್ಟರಿಗೆ ಹೇಳು. ಗಾಬರಿ ಬೇಡ. ಧ್ವನಿತಂತಿನ ತೊಂದರೆ ಧ್ವನಿ ಬದಲಾಗಿ ಬೇಗ ತಿಳಿಸುತ್ತದೆ, ಬೇಗ ಹೋದರೆ ಗುಣ ಆಗುವವರೇ ಜಾಸ್ತಿ.

ಹುಬ್ಬಳ್ಳಿ ಕಾಕಾ · ಬುಧವಾರ, 6:45

ಎಲ್ಲರೂ ಒಳ್ಳೆಯ ಮಾತು ಬರೆದಿದ್ದೀರಿ. ನನ್ನದೊಂದು ವಿನಂತಿ ಇದೆ. ಇದನ್ನು ಓದಿ ಸೊಂಟ ನೋವು ಬಂದವರೆಲ್ಲ ನೆಫ್ರಾಲಜಿಸ್ಟ್ ಹುಡುಕಿಕೊಂಡು ಬೆಂಗಳೂರು ಬಸ್ ಹತ್ತಬಾರದು. ನಾನು 31 ವರ್ಷ ತಾಲ್ಲೂಕು ಆಸ್ಪತ್ರೆಯ ಲ್ಯಾಬ್‌ನಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಸೊಂಟ ನೋವು ಬಹುಪಾಲು ಸ್ನಾಯುವಿನದು. ಬಿಪಿ, ಮೂತ್ರ ಪರೀಕ್ಷೆ, ಕ್ರಿಯಾಟಿನಿನ್ ಈ ಮೂರು ತಾಲ್ಲೂಕು ಆಸ್ಪತ್ರೆಯಲ್ಲೇ ಆಗುತ್ತದೆ. ಕಿಡ್ನಿ ತಜ್ಞರು ಎಷ್ಟೋ ಜಿಲ್ಲೆಯಲ್ಲಿ ಬೆರಳೆಣಿಕೆಯಷ್ಟು ಇದ್ದಾರೆ. ಅವರ ಬಾಗಿಲಲ್ಲಿ ಸುಮ್ಮನೆ ಹೆದರಿ ಬಂದವರೇ ತುಂಬಿದರೆ ನಿಜವಾಗಿ ಬೇಕಾದವರು ಹೊರಗೆ ಉಳಿಯುತ್ತಾರೆ. ಊರಿನ ಎಂಬಿಬಿಎಸ್ ಡಾಕ್ಟರ್ ಹತ್ರ ಮೊದಲು ಹೋಗಿ. "ಇದಕ್ಕೆ ದೊಡ್ಡ ಡಾಕ್ಟರ್ ಬೇಕಾ?" ಅಂತ ಬಾಯಿಬಿಟ್ಟು ಕೇಳಿ. ಚೀಟಿ ಬರೆಸಿಕೊಂಡು ಹೋದರೆ ಆರೋಗ್ಯ ಕರ್ನಾಟಕ ಯೋಜನೆಯಲ್ಲೂ ಅನುಕೂಲ.

ವಾರಕ್ಕೆ ಮೂರು ಸಲ · ಬುಧವಾರ, 12:30

ಕಾಕಾ, ನಿಮ್ಮ ಮಾತು ಒಪ್ಪುತ್ತೇನೆ. ಆದರೆ ಚೀಟಿಯಲ್ಲಿ "ಪ್ಲಸ್ ಪ್ಲಸ್" ಅಂತ ಬರೆದು ಕೈಗೆ ಕೊಟ್ಟು ಕಳಿಸಿದರಲ್ಲ, ಅಲ್ಲಿ ಒಬ್ಬರಾದರೂ ನನ್ನನ್ನು ಕೂರಿಸಿ ಒಂದು ಮಾತು ಹೇಳಿದ್ದರೆ ಸಾಕಿತ್ತು. ಲ್ಯಾಬ್‌ನಲ್ಲಿ ಈಗ ಕೆಲಸ ಮಾಡುವವರು ಇದನ್ನು ಓದುತ್ತಿದ್ದರೆ ದಯವಿಟ್ಟು ಆ ಒಂದು ಮಾತು ಹೇಳಿ.

ಹುಬ್ಬಳ್ಳಿ ಕಾಕಾ · ಬುಧವಾರ, 1:10

ಹೇಳಬೇಕಿತ್ತು ತಮ್ಮಾ. ನಾವೂ ದಿನಕ್ಕೆ ನೂರಾರು ಚೀಟಿ ಬರೆಯುತ್ತಿದ್ದೆವು. ನಿನ್ನ ಮಾತು ಇವತ್ತೇ ನಮ್ಮ ಹುಡುಗರ ಗುಂಪಿಗೆ ಕಳಿಸುತ್ತೇನೆ.

ಕಾಫಿತೋಟ, ಕೊಡಗು · ಗುರುವಾರ, 8:00

ಕಿಡ್ನಿ, ಕಿವಿ ಎರಡೂ ಒಂದೇ ಕಡೆ ಚರ್ಚೆ ಆಗುತ್ತಿರುವುದಕ್ಕೆ ಕೇಳುತ್ತಿದ್ದೇನೆ. ಅಕ್ಕನ ಮಗನಿಗೆ 13. ಸಣ್ಣವನಿದ್ದಾಗಿನಿಂದ ಮೂತ್ರ ಪರೀಕ್ಷೆಯಲ್ಲಿ ರಕ್ತದ ಕಣ ಕಾಣುತ್ತಿದೆ. ಏನೂ ಆಗಲ್ಲ ಅಂದಿದ್ದರು. ಈಗ ಒಂದು ವರ್ಷದಿಂದ ಕ್ಲಾಸಿನಲ್ಲಿ ಟೀಚರ್ ಹೇಳಿದ್ದು ಸರಿಯಾಗಿ ಕೇಳುವುದಿಲ್ಲ ಅಂತಾನೆ. ಅಕ್ಕನೂ ನಾನೂ ಒಂದೇ ತಾಯಿಯ ಮಕ್ಕಳು. ನಮ್ಮ ತಾಯಿಯ ತಮ್ಮ, ಅಂದರೆ ನಮ್ಮ ಸೋದರಮಾವ, 26ಕ್ಕೇ ಕಿಡ್ನಿ ಹೋಗಿ ತೀರಿಕೊಂಡರು. ಅವರಿಗೂ ಕಿವಿ ಮಂದ ಇತ್ತು ಅಂತ ಅಮ್ಮ ಈಗ ನೆನಪಿಸಿಕೊಳ್ಳುತ್ತಾರೆ.

ಕಿವಿಮಾತು, ಮೈಸೂರು · ಗುರುವಾರ, 8:45

ಇದನ್ನು ಓದಿದ ಕೂಡಲೇ ಬರೆಯುತ್ತಿದ್ದೇನೆ. ಆಲ್ಪೋರ್ಟ್ ಸಿಂಡ್ರೋಮ್ ಅಂತ ಒಂದು ವಂಶದ ಕಾಯಿಲೆ ಇದೆ. ಅದೇ ಅಂತ ನಾನು ಹೇಳಲಾರೆ, ಆದರೆ ನೀವು ಹೇಳಿದ ಮೂರೂ ಮಾತು ಆ ಕಡೆಗೇ ಕೈ ತೋರಿಸುತ್ತವೆ. ಕಿಡ್ನಿಯ ಜರಡಿಯಲ್ಲೂ ಒಳಗಿವಿಯಲ್ಲೂ ಒಂದೇ ಥರದ ಕೊಲಾಜನ್ ನಾರು ಇರುತ್ತದೆ, ಕಣ್ಣಿನಲ್ಲೂ ಇದೆ. ಆ ನಾರು ಹುಟ್ಟಿನಿಂದಲೇ ದುರ್ಬಲ ಆಗಿದ್ದರೆ ಮೊದಲು ಮೂತ್ರದಲ್ಲಿ ರಕ್ತ, ಆಮೇಲೆ ಪ್ರೋಟೀನ್, ಹತ್ತು ಹದಿನೈದರ ವಯಸ್ಸಿಗೆ ಕೀರಲು ಸದ್ದು ಕೇಳದೆ ಹೋಗುವುದು. ಬಹುಪಾಲು ಕುಟುಂಬಗಳಲ್ಲಿ ಇದು ತಾಯಿಯ ಕಡೆಯಿಂದ ಗಂಡುಮಕ್ಕಳಿಗೆ ಜೋರಾಗಿ ಬರುತ್ತದೆ. ನಿಮ್ಮ ಸೋದರಮಾವನ ಕಥೆ ಅದಕ್ಕೇ ಮುಖ್ಯ.

ಇಎನ್‌ಟಿಗೆ ಹೋದಾಗ ಮೂತ್ರದ ರಿಪೋರ್ಟ್ ತೋರಿಸಿ. ನೆಫ್ರಾಲಜಿಗೆ ಹೋದಾಗ ಆಡಿಯೋಗ್ರಾಂ ತೋರಿಸಿ. ಇಬ್ಬರ ಹತ್ರ ಬೇರೆ ಬೇರೆ ಕಥೆ ಹೇಳಿದರೆ ಯಾರಿಗೂ ಪೂರ್ತಿ ಚಿತ್ರ ಸಿಗುವುದಿಲ್ಲ. ಅಕ್ಕನ ಮೂತ್ರವನ್ನೂ ಪರೀಕ್ಷೆ ಮಾಡಿಸಿ.

ಡಯಾಲಿಸಿಸ್ ಸಿಸ್ಟರ್, ದಾವಣಗೆರೆ · ಗುರುವಾರ, 9:30

ಮೇಡಂ ಹೇಳಿದ್ದು ಸರಿ. ಬೇಗ ಗೊತ್ತಾದರೆ ರಾಮಿಪ್ರಿಲ್ ಥರದ ಮಾತ್ರೆಯಿಂದ ಡಯಾಲಿಸಿಸ್ ದಿನವನ್ನು ವರ್ಷಗಟ್ಟಲೆ ಮುಂದೂಡಬಹುದು. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆ ಆವರಣದಲ್ಲಿ ಸರ್ಕಾರದ ನೆಫ್ರೋ-ಯುರಾಲಜಿ ಸಂಸ್ಥೆ ಇದೆ, ಅಲ್ಲಿ ತೋರಿಸಬಹುದು. ಹುಡುಗನಿಗೆ ಯಾವುದೇ ಜ್ವರಕ್ಕೆ ಜೆಂಟಾಮೈಸಿನ್, ಅಮಿಕಾಸಿನ್ ಇಂಜೆಕ್ಷನ್ ಕೊಡುವ ಮೊದಲು ಡಾಕ್ಟರಿಗೆ ಈ ವಿಷಯ ಹೇಳಲೇಬೇಕು. ಆ ಎರಡೂ ಔಷಧಿ ಕಿಡ್ನಿಗೂ ಕಿವಿಗೂ ಪೆಟ್ಟು ಕೊಡುವಂಥವು. ಒಂದು ಚೀಟಿಯಲ್ಲಿ ಬರೆದು ಅವನ ಸ್ಕೂಲ್ ಬ್ಯಾಗ್‌ನಲ್ಲೇ ಇಡಿ.

ಮಂಡ್ಯದ ಮಗಳು · ಹತ್ತು ದಿನದ ನಂತರ

ಅಕ್ಕಾ, ಕ್ಯಾಮೆರಾ ಹಾಕಿ ನೋಡಿದರು. ಬಲಗಡೆಯ ಧ್ವನಿತಂತಿನ ಮೇಲೆ ಬಿಳಿ ಮಚ್ಚೆ ಇತ್ತು. ಬಯಾಪ್ಸಿಯಲ್ಲಿ ಕ್ಯಾನ್ಸರ್ ಅಂತ ಬಂತು, ತುಂಬಾ ಆರಂಭದ ಹಂತ. ರೇಡಿಯೇಷನ್ ಸಾಕಾಗಬಹುದು, ಧ್ವನಿ ಉಳಿಯುತ್ತದೆ ಅಂದರು. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಬರೆದುಕೊಟ್ಟಿದ್ದಾರೆ. ಅಪ್ಪ ಬೀಡಿ ಕಟ್ಟನ್ನು ಅವರೇ ಒಲೆಗೆ ಹಾಕಿದರು. ಅಲ್ಲಿ ಆರು ವಾರ ಉಳಿಯಲು ಏನು ಮಾಡುವುದು ಅಂತ ಗೊತ್ತಾಗುತ್ತಿಲ್ಲ.

ರಾತ್ರಿ ಪಾಳಿ, ಬೆಂಗಳೂರು · ಅದೇ ದಿನ

ಆಸ್ಪತ್ರೆ ಆವರಣದಲ್ಲೇ ಧರ್ಮಶಾಲೆ ಇದೆ, ಮೊದಲ ದಿನವೇ ವಿಚಾರಿಸಿ. ಜಾಗ ಸಿಗದಿದ್ದರೆ ಹೇಳಿ, ನಮ್ಮ ಮನೆ ಅಲ್ಲಿಂದ ದೂರ ಇಲ್ಲ. ಹಗಲು ನಾನು ಮನೆಯಲ್ಲೇ ಇರುತ್ತೇನೆ. ಅಪ್ಪನನ್ನು ಕರೆದುಕೊಂಡು ಹೋಗಿ ಬರುವುದು ನನಗೆ ಬಿಡಿ.

ಹಾಸನದ ಅಮ್ಮ · ಎಂಟು ವಾರದ ನಂತರ

ನಿನ್ನೆ ಮಗನ ಟೆಸ್ಟ್ ಆಯಿತು. ಸಿ3 ನಾರ್ಮಲ್‌ಗೆ ಬಂದಿದೆ. ಬಿಪಿ ಮಾತ್ರೆ ನಿಲ್ಲಿಸಿದ್ದಾರೆ. ಮೂತ್ರದಲ್ಲಿ ಕಣ್ಣಿಗೆ ಕಾಣದಷ್ಟು ರಕ್ತದ ಕಣ ಇನ್ನೂ ಇದೆ, ಒಂದು ವರ್ಷದವರೆಗೂ ಹಾಗೆ ಇರಬಹುದಂತೆ. ಮೂರು ತಿಂಗಳಿಗೆ ಮತ್ತೆ ಬನ್ನಿ ಅಂದರು. ಮೊನ್ನೆಯಿಂದ ಉಪ್ಪಿನಕಾಯಿ ಕೇಳುತ್ತಿದ್ದಾನೆ.

ಅವನ ಜೊತೆ ಅತ್ತೆಗೂ ಎರಡು ಟೆಸ್ಟ್ ಮಾಡಿಸಿದೆ. ಶುಗರ್ ಇದ್ದರೂ ಇಷ್ಟು ವರ್ಷ ಮೂತ್ರ ಪರೀಕ್ಷೆ ಮಾಡಿಸಿರಲಿಲ್ಲ. ಎಸಿಆರ್ 110 ಬಂದಿದೆ, ಇಜಿಎಫ್‌ಆರ್ 71. ಊರಿನ ಡಾಕ್ಟರ್ ಮಾತ್ರೆ ಬದಲಾಯಿಸಿ, ಮೂರು ತಿಂಗಳಿಗೆ ಮತ್ತೆ ಮಾಡಿಸಿ, ಇಳಿಯದಿದ್ದರೆ ನೆಫ್ರಾಲಜಿಗೆ ಕಳಿಸುತ್ತೇನೆ ಅಂದರು. ಅಜ್ಜಿ ಮೊಮ್ಮಗ ಇಬ್ಬರದೂ ಒಂದೇ ದಿನಕ್ಕೆ ಬರೆಸಿಕೊಂಡು ಬಂದಿದ್ದೇನೆ.